ಕಡಲ ಗೋಡೆಯ ಒಂಬತ್ತನೆಯ ಅಂಕಣ

ಸಭಾಪಾಲಕರೇ, ಹಿರಿಯರೇ, ಮುಂದಿನ ಬೆಂಚಿನಲ್ಲಿ ಕೂತಿರುವ ಮಾನೆಯಾ ಅವರ ಪತ್ನಿ ಅಕಾಯಿತಿ ಅಕ್ಕನವರೇ, ಆಕ್ಲೆಂಡಿನಿಂದ ಎರಡು ವಿಮಾನ ಹತ್ತಿಳಿದು ಬಂದಿರುವ ಅವರ ಮಗಳು ಮಿರಿಯಾಮಾ, ಅವಾಮುರಿ ದ್ವೀಪದ ನನ್ನ ಜನವೇ — ಕಿಯಾ ಓರಾನಾ. ಬದುಕಿ, ಬಾಳಿ. ಸತ್ತವರ ನೆನಪಿನ ಸಭೆಯಲ್ಲೂ ಹೀಗೇ ಶುರು ಮಾಡಬೇಕು. ನಮ್ಮ ಹತ್ತಿರ ಬೇರೆ ನಮಸ್ಕಾರ ಇಲ್ಲ.

ಮೈಕು ಕೆಟ್ಟಿದೆ. ಹಿಂದೆ ಕೂತವರು ದಯಮಾಡಿ ಮುಂದೆ ಬನ್ನಿ. — ಬನ್ನಿ, ಬನ್ನಿ, ಬೆಂಚುಗಳು ಖಾಲಿಯೇ ಇವೆಯಲ್ಲ, ನಾಚಿಕೆ ಯಾಕೆ? ನಾನು ಚಿಕ್ಕವನಿದ್ದಾಗ ಈ ದೇವಾಲಯದಲ್ಲಿ ಕೂರಲು ಜಾಗ ಸಿಗದೆ ಕಿಟಕಿಯ ಮೇಲೆ ಕೂತು ಪಾದ್ರಿಗಳ ಪ್ರಸಂಗ ಕೇಳಿದ್ದೇನೆ. ಈಗ ತಲೆಗೊಂದು ಬೆಂಚು. ಕಾಲು ಚಾಚಿಕೊಂಡು ಮಲಗಬಹುದು. ಕೆಲವರು ಮಲಗುತ್ತಾರೆ ಕೂಡ, ಹೆಸರು ಹೇಳುವುದಿಲ್ಲ.

ಈ ವರ್ಷ ಇದು ನನ್ನ ಐದನೆಯ ಶ್ರದ್ಧಾಂಜಲಿ ಭಾಷಣ. ಮಾರ್ಚಿನಲ್ಲಿ ಒಂದು, ಮೇ ತಿಂಗಳಲ್ಲಿ ಎರಡು, ಹೋದ ತಿಂಗಳು ಒಂದು. ನಾಲ್ಕು ಸಲವೂ 'ತುಂಬಲಾರದ ನಷ್ಟ' ಅಂತ ಹೇಳಿದೆ. ಹೇಳಿ ಹೇಳಿ ಆ ಮಾತು ಹಳೇ ಚಪ್ಪಲಿಯ ಹಾಗೆ ಸವೆದುಹೋಗಿದೆ. ನನಗೆ ಸುಸ್ತಾಗಿದೆ ಬಂಧುಗಳೇ. ನಿಜವಾಗಿ ಸುಸ್ತಾಗಿದೆ. ಮಂಗಳವಾರ ಮಾನೆಯಾ ಅವರನ್ನು ಅವರ ಮನೆಯ ಅಂಗಳದಲ್ಲಿ ಮಣ್ಣು ಮಾಡಿ ಬಂದು ಈ ಭಾಷಣ ಬರೆಯಲು ಕೂತೆ. ಕೈ ಓಡಲಿಲ್ಲ. ಮೇ ತಿಂಗಳ ಹಾಳೆಯನ್ನೇ ತೆಗೆದು ಹೆಸರು ಬದಲಾಯಿಸಿದರೆ ಸಾಕು ಅನ್ನಿಸಿತು. ಬದಲಾಯಿಸಿಯೂ ಬಿಟ್ಟೆ. — ಇದೇ ನೋಡಿ ಆ ಹಾಳೆ. — ಇದು ಬೇಡ. ಇದನ್ನು ಜೇಬಿನಲ್ಲಿಡುತ್ತೇನೆ.

ಮಾನೆಯಾ ನನಗಿಂತ ಎರಡು ವರ್ಷ ದೊಡ್ಡವರು. ಮೂವತ್ತಾರು ವರ್ಷ ನಾವಿಬ್ಬರೂ ಒಟ್ಟಿಗೆ ಈ ಸಭೆಯ ಕೆಲಸ ಮಾಡಿದೆವು. ಅವರು ಮೇಸ್ತ್ರಿ, ಗಾರೆ ಕೆಲಸದವರು. ನಾನು ಕಾರ್ಯದರ್ಶಿ, ಬರೆಯುವವನು. ಅವರ ಕೈ ಬೆಳಿಗ್ಗೆಯಿಂದ ಸಂಜೆವರೆಗೆ ಬಿಳಿ, ನನ್ನ ಕೈ ನೀಲಿ. ಅವರು ತಮಾಷೆ ಮಾಡುತ್ತಿದ್ದರು: "ಕೈರುವಾ, ನನ್ನ ಕೊಳೆ ತೊಳೆದ್ರೆ ಹೋಗುತ್ತೆ. ನಿನ್ನ ಶಾಯಿ ಹೋಗಲ್ಲ ನೋಡು." ಆಗ ನಾನು ನಗುತ್ತಿದ್ದೆ.

ಅವರ ಒಂದು ಅಭ್ಯಾಸ ನಿಮಗೆಲ್ಲ ಗೊತ್ತು. ಬೆಳಗಾದರೆ ಇಲ್ಲಿಗೆ ಬರಬೇಕು, ಕಡಲ ಕಡೆಯ ಈ ಗೋಡೆಗೆ — ಹೀಗೆ — ಅಂಗೈ ಇಡಬೇಕು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮೂಸಬೇಕು. ಆಮೇಲೆ ಮುಂದಿನ ಜಾಗ. ನಮ್ಮ ಸಭಾಪಾಲಕರು ಈ ದ್ವೀಪಕ್ಕೆ ಹೊಸದಾಗಿ ಬಂದಾಗ ಇದನ್ನು ನೋಡಿ ಗಾಬರಿಯಾದರು. ನಗುತ್ತಿದ್ದಾರೆ ನೋಡಿ, ನೆನಪಿದೆ ಅವರಿಗೆ. ಮೆಲ್ಲಗೆ ಹತ್ತಿರ ಹೋಗಿ ಹೇಳಿದರಂತೆ, "ಅಣ್ಣಾ, ಪ್ರಾರ್ಥನೆ ದೇವರಿಗೆ ಮಾಡ್ಬೇಕು, ಗೋಡೆಗಲ್ಲ." ಇವರು ತಿರುಗಿಯೂ ನೋಡದೆ, "ಪ್ರಾರ್ಥನೆ ಅಲ್ಲ ಅಯ್ನೋರೇ, ಜ್ವರ ನೋಡ್ತಿದೀನಿ. ಗೋಡೆಗೆ ಮೈ ತಣ್ಣಗಾದ್ರೇ ಜ್ವರ."

ಗೋಡೆಗೆ ಜ್ವರ ಬಂದದ್ದು ಹೇಗೆ ಅನ್ನುವುದನ್ನೇ ಇವತ್ತು ಹೇಳಬೇಕಾಗಿದೆ. ದೊಡ್ಡವರಿಗೆ ಗೊತ್ತು ಅಂತ ನೀವು ತಿಳಿದುಕೊಂಡಿದ್ದೀರಿ. ಗೊತ್ತಿಲ್ಲ. ಸ್ವಲ್ಪ ತಾಳ್ಮೆಯಿಂದ ಕೇಳಿ. ಆಚೆ ಚಹಾ ಕುದಿಯುತ್ತಿದೆ, ವಾಸನೆ ನನಗೂ ಬಡಿಯುತ್ತಿದೆ, ಆದರೂ ಕೇಳಿ.

ನಮ್ಮ ಮುತ್ತಜ್ಜಂದಿರು ಸಮುದ್ರದಿಂದ ಹವಳದ ಬಂಡೆ ಹೊತ್ತು ತಂದು, ಅದನ್ನೇ ಸುಟ್ಟು ಸುಣ್ಣ ಮಾಡಿ, ಈ ದೇವಾಲಯ ಕಟ್ಟಿದರು. ಕಡಲ ಗೋಡೆಗೆ ಒಂಬತ್ತು ಅಂಕಣ. ಎರಡು ಕಿಟಕಿಗಳ ನಡುವಿನ ಗೋಡೆ ಒಂದು ಅಂಕಣ, ಒಂದು ಮನೆತನಕ್ಕೆ ಒಂದು. ಮಾನೆಯಾ ಅವರದು ನಾಲ್ಕನೆಯದು. ನಮ್ಮದು ಒಂಬತ್ತನೆಯದು, ಈ ವೇದಿಕೆಯ ಪಕ್ಕದ್ದು. ವರ್ಷ ವರ್ಷ ಅಕ್ಟೋಬರಿನಲ್ಲಿ ಸುವಾರ್ತೆಯ ಹಬ್ಬಕ್ಕೆ ಮೊದಲು ಹಿತ್ತಲಿನ ಗುಂಡಿಯಲ್ಲಿ ಗಾಳಿಮರದ ಸೌದೆ ಒಟ್ಟಿ, ಮೇಲೆ ಹವಳದ ಕಲ್ಲು ಹೇರಿ, ಊರೆಲ್ಲ ಸೇರಿ ಸುಣ್ಣ ಸುಡುತ್ತಿದ್ದೆವು. ಆದರೆ ಬೆಂಕಿ ಇಡುವ ಮೊದಲು ಒಂದು ಕಟ್ಟಳೆ ಇತ್ತು. ಮನಸ್ಸಿನಲ್ಲಿ ಏನಾದರೂ ಬಚ್ಚಿಟ್ಟುಕೊಂಡವರು ಗುಂಡಿಯ ಬಾಯಲ್ಲಿ ನಿಂತು ಹೇಳಿಬಿಡಬೇಕು. ಹೇಳದೆ ಬೆಂಕಿ ಇಟ್ಟರೆ ಕಲ್ಲು ಬೇಯುವುದಿಲ್ಲ, ಬೆಂದರೂ ಸುಣ್ಣ ಅರಳುವುದಿಲ್ಲ ಅಂತ ಹಿರಿಯರ ಮಾತು.

ಎಂಥೆಂಥ ಮಾತು ಬರುತ್ತಿದ್ದವು ಆ ಗುಂಡಿಯ ಬಾಯಲ್ಲಿ! "ನಿನ್ ಹಂದಿ ಕಾಲು ಮುರಿದಿದ್ದು ನಾನೇ ಕಣೇ, ನನ್ ಕೆಸುವಿನ ಗೆಡ್ಡೆ ಅಷ್ಟೂ ತಿಂದುಹಾಕಿತ್ತು." "ಗೊತ್ತಿತ್ತು ಬಿಡೇ, ಅದಕ್ಕೇ ನಿನ್ ಕೋಳಿ ಕಾಣೆಯಾಗಿದ್ದು." ಊರೆಲ್ಲ ನಗುತ್ತಿತ್ತು. ಆಮೇಲೆ ಬೆಂಕಿ. ಆಮೇಲೆ ನೀರು ಹಾಕಿದಾಗ ಸುಣ್ಣ ಬುಸ್ಸೆಂದು ಅರಳುತ್ತಿತ್ತು. ಮನಸ್ಸು ಹಗುರವಾಗಿ ಎಲ್ಲರೂ ಅವರವರ ಅಂಕಣ ಬಳಿಯುತ್ತಿದ್ದರು.

ದೇವಾಲಯದ ನೂರನೆಯ ವರ್ಷದ ಹಬ್ಬ ಬಂತು. ಈಗ ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಆಕ್ಲೆಂಡಿನಿಂದ, ದೊಡ್ಡ ದ್ವೀಪ ರಾರೊಟೊಂಗಾದಿಂದ ನೆಂಟರು ಹಡಗು ತುಂಬಿ ಬರುವವರಿದ್ದರು. ನಮಗೆಲ್ಲ ಒಂದೇ ಚಿಂತೆ — ಅವರ ಕಣ್ಣಿಗೆ ನಾವು ಬಡವರ ಹಾಗೆ ಕಾಣಬಾರದು. ಆಗ ಒಬ್ಬರು ಹೇಳಿದರು, ಪ್ರತಿ ವರ್ಷ ಈ ಸುಣ್ಣದ ಗೋಳು ಯಾಕೆ? ಕಡಲ ಗೋಡೆಗೆ ಸಿಮೆಂಟು ಬಳಿದು ಮೇಲೆ ಬಣ್ಣ ಹೊಡೆದುಬಿಟ್ಟರೆ ನೂರು ವರ್ಷ ನೋಡಬೇಕಿಲ್ಲ.

ಮಾನೆಯಾ ಎದ್ದು ನಿಂತರು. ಆ ಮನುಷ್ಯ ಸಭೆಯಲ್ಲಿ ಮಾತಾಡಿದ್ದೇ ಕಡಿಮೆ. "ಬೇಡ ಕಣ್ರಪ್ಪಾ," ಅಂದರು. "ಹವಳದ ಗೋಡೆ ಕೆಳಗಿಂದ ನೀರು ಕುಡಿಯುತ್ತೆ, ಮೈಯಿಂದ ಬೆವರುತ್ತೆ. ಸುಣ್ಣ ಅದನ್ನ ಬೆವರೋಕೆ ಬಿಡುತ್ತೆ. ಸಿಮೆಂಟು ಬಿಡಲ್ಲ. ಒಳಗೊಳಗೇ ಕೊಳೆಯುತ್ತೆ." ಅದಕ್ಕೆ ಆ ಒಬ್ಬರು ಏನು ಹೇಳಿದರು ಗೊತ್ತೇ? "ನಿನ್ ಹೊಟ್ಟೆಪಾಡಿಗೆ ಸುಣ್ಣ ಬೇಕು, ಅದಕ್ಕೆ ಗೋಡೆಗೆ ಬೆವರು ಬರಿಸ್ತಿದೀಯಾ." ಎಲ್ಲರೂ ನಕ್ಕರು. ಕೈ ಎತ್ತಿಸಿದರು. ಸಿಮೆಂಟು ಗೆದ್ದಿತು. ಮಾನೆಯಾ ಸೋತರೂ ಕೆಲಸ ಅವರೇ ಮಾಡಬೇಕಾಯಿತು, ಊರಿಗೆ ಇನ್ನೊಬ್ಬ ಮೇಸ್ತ್ರಿ ಇರಲಿಲ್ಲ. ಸಭೆ ಹೇಳಿದ ಮೇಲೆ ಮುಗಿಯಿತು ಅಂತ ಬಾಯಿ ಮುಚ್ಚಿಕೊಂಡು ಒಂಬತ್ತು ಅಂಕಣಕ್ಕೂ ಬಳಿದರು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ಹಿತ್ತಲಿನ ಗುಂಡಿ ಮುಚ್ಚಿದೆವು.

ನಾಲ್ಕು ವರ್ಷ. ನಾಲ್ಕೇ ವರ್ಷಕ್ಕೆ ಗೋಡೆ ಬಾತುಕೊಂಡಿತು. ಒಂದು ಭಾನುವಾರ ಹೆಂಗಸರು ಸ್ತೋತ್ರ ಹಾಡುತ್ತಿದ್ದರು. ಅವರ ಎದುರಿಗೆ, ಮೂರನೆಯ ಅಂಕಣಕ್ಕೆ ಬೆನ್ನು ಮಾಡಿ ನಿಂತು ಬಲಗೈ ಎತ್ತಿ ಹಾಡಿಸುತ್ತಿದ್ದವರು ನಮ್ಮ ಅಕಾಯಿತಿ ಅಕ್ಕ. ಆ ಅಂಕಣದಿಂದ ಸಿಮೆಂಟಿನ ಚಪ್ಪಡಿಯೊಂದು ಕಲ್ಲಿನ ಸಮೇತ ಕಳಚಿ ಅವರ ಹೆಗಲ ಮೇಲೆ ಬಿತ್ತು. ಆವತ್ತಿನಿಂದ ಅಕ್ಕನ ಬಲಗೈ ಮೇಲೆ ಏಳುವುದಿಲ್ಲ. ಎಳೆ ತೆಂಗಿನ ಗರಿಯ ಬಿಳಿ ಟೋಪಿ ಈ ದ್ವೀಪದಲ್ಲಿ ಅವರಷ್ಟು ನುಣ್ಣಗೆ ಹೆಣೆಯುವವರು ಇರಲಿಲ್ಲ, ಆ ಕೆಲಸವೂ ನಿಂತಿತು. ಎಡಗೈಯಲ್ಲಿ ಹಾಡಿಸುವುದನ್ನು ನೀವು ಚಿಕ್ಕವರು ನೋಡಿದ್ದೀರಿ, ಅವರು ಎಡಚಿ ಅಂದುಕೊಂಡಿದ್ದೀರಿ. ಅಲ್ಲ.

ವಿಚಾರಣೆಯ ಸಭೆ ಕೂಡಿತು. ಊರಿನ ಜನ ಸಿಟ್ಟಿನಲ್ಲಿದ್ದರು. ಆಗಿನ ಸಭಾಪಾಲಕರು ಹೊಸಬರು. "ಸಿಮೆಂಟು ಬಳಿಯೋಣ ಅಂತ ಮೊದಲು ಹೇಳಿದ್ದು ಯಾರು? ಪುಸ್ತಕ ನೋಡಿ ಹೇಳಿ," ಅಂತ ಕಾರ್ಯದರ್ಶಿಯನ್ನು ಕೇಳಿದರು.

ಆ ಪುಸ್ತಕ ಇಲ್ಲಿದೆ. ತಂದಿದ್ದೇನೆ. — ಕನ್ನಡಕ ಎಲ್ಲಿ ಹೋಯಿತು — ಹಾಂ. ಓದುತ್ತೇನೆ. 'ಮೇಸ್ತ್ರಿ ಮಾನೆಯಾ ಅವರ ಅಜಾಗರೂಕತೆಯಿಂದ ಗೋಡೆ ಹಾಳಾಗಿದ್ದು, ಅವರನ್ನು ಒಂದು ವರ್ಷ ಹಿರಿಯರ ಸ್ಥಾನದಿಂದ ಮತ್ತು ಕರ್ತನ ಭೋಜನದಿಂದ ದೂರ ಇರಿಸತಕ್ಕದ್ದು.' ಕಾಗೆಕಾಲು ಗುಬ್ಬಿಕಾಲು ಅಕ್ಷರ. ನನ್ನ ಅಕ್ಷರ.

ಆ 'ಒಬ್ಬರು' ನಾನು.

— ಇಲ್ಲ, ನೀರು ಬೇಡ. ಹೇಳಿ ಮುಗಿಸುತ್ತೇನೆ.

ಸಿಮೆಂಟು ಬಳಿಯೋಣ ಅಂತ ಮೊದಲು ಹೇಳಿದವನು ನಾನು. ಹೊಟ್ಟೆಪಾಡಿನ ಮಾತಾಡಿ ಅವರನ್ನು ನಗೆಪಾಟಲು ಮಾಡಿದವನು ನಾನು. ಕೈ ಎತ್ತಿಸಿದವನೂ ನಾನು. ಹಬ್ಬದ ಗಡಿಬಿಡಿಯಲ್ಲಿ ಯಾರು ಏನು ಹೇಳಿದರು ಅಂತ ಜನ ಮರೆತಿದ್ದರು, 'ಎಲ್ಲರೂ ಸೇರಿ ಮಾಡಿದ್ದು' ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಳೆಯ ಪುಟದಲ್ಲಿ ನನ್ನ ಹೆಸರು ಇತ್ತು. ನಾನು ಆ ಪುಟ ತೆರೆಯಲಿಲ್ಲ. "ಕೆಲಸ ಮಾಡಿದ್ದು ಮಾನೆಯಾ," ಅಂದೆ. ಅದು ಸುಳ್ಳಲ್ಲ, ನೋಡಿ. ಬಳಿದದ್ದು ಅವರೇ ತಾನೆ. ಇಂಥ ಸುಳ್ಳಲ್ಲದ ಮಾತು ಸುಳ್ಳಿಗಿಂತ ಕೆಟ್ಟದ್ದು ಅಂತ ನನಗೆ ಆವತ್ತೇ ಗೊತ್ತಿತ್ತು.

ಮಾನೆಯಾ ನನ್ನ ಕಡೆ ನೋಡಿದರು. ಒಂದು ಸಲ. ಎದ್ದು ಹೋಗಿ ಹಿಂದಿನ ಬೆಂಚಿನಲ್ಲಿ, ಬಾಗಿಲ ಹತ್ತಿರ, ಕೂತರು. ಒಂದು ವರ್ಷ ಅಲ್ಲೇ. ಕರ್ತನ ಭೋಜನದ ರೊಟ್ಟಿಯ ತಟ್ಟೆ ಅವರ ಮುಂದಿನ ಸಾಲಿಗೆ ಬಂದು ತಿರುಗುತ್ತಿತ್ತು. ಆ ತಟ್ಟೆ ಹಿಡಿದು ಹೋಗುತ್ತಿದ್ದವನು ಯಾರು? ನಾನೇ. "ಹೆಂಡತಿ ಕೈ ಮುರಿದ ಮೇಸ್ತ್ರಿ" ಅಂತ ಅವರ ಬೆನ್ನ ಹಿಂದೆ ಆಡಿಕೊಂಡವರು ಇಲ್ಲೇ ಎಷ್ಟೋ ಜನ ಇದ್ದೀರಿ. ನಿಮ್ಮನ್ನು ಬೈಯುವುದಿಲ್ಲ. ನಿಮಗೆ ಹಾಗೆ ಹೇಳಿಕೊಟ್ಟದ್ದು ಈ ಪುಸ್ತಕ.

ವರ್ಷ ಮುಗಿದ ಮಾರನೆಯ ದಿನ ಅವರು ಉಳಿ ಸುತ್ತಿಗೆ ಹಿಡಿದು ಬಂದರು. ಮೂರನೆಯ ಅಂಕಣದಿಂದ ಶುರು. ಸಿಮೆಂಟು ಹವಳವನ್ನು ಕಚ್ಚಿ ಹಿಡಿದಿರುತ್ತದೆ, ಜೋರಾಗಿ ಹೊಡೆದರೆ ಕಲ್ಲೂ ಬರುತ್ತದೆ. ಬೆರಳಗಲ, ಬೆರಳಗಲ ಕೀಳಬೇಕು. ಕಿತ್ತ ಮೇಲೆ ಒಂದು ವರ್ಷ ಗೋಡೆಯನ್ನು ಹಾಗೇ ಒಣಗಲು ಬಿಡಬೇಕು. ಆಮೇಲೆ ಗುಂಡಿ ತೆಗೆದು ಸುಣ್ಣ ಸುಟ್ಟು ಹೊಸ ಗಾರೆ. ಒಂದು ಅಂಕಣಕ್ಕೆ ಮೂರು ವರ್ಷ, ಕೆಲವಕ್ಕೆ ನಾಲ್ಕು. ಇಪ್ಪತ್ತೊಂಬತ್ತು ವರ್ಷಕ್ಕೆ ಎಂಟು ಅಂಕಣ ಮುಗಿಸಿದರು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡಲಿಲ್ಲ. ಟಕ್, ಟಕ್, ಟಕ್ — ನಾನು ಮನೆಯಲ್ಲಿ ಊಟಕ್ಕೆ ಕೂತರೂ ಕೇಳುತ್ತಿತ್ತು.

ಹಳೆಯ ಕಟ್ಟಳೆಯನ್ನೂ ಅವರು ಬಿಡಲಿಲ್ಲ. ಯಾವ ಅಂಕಣದ ಸುಣ್ಣವೋ ಆ ಮನೆಯವರು ಮೊದಲು ಗುಂಡಿಯ ಬಾಯಲ್ಲಿ ಮಾತಾಡಬೇಕು. ಎಂಟು ಸಲ ಗುಂಡಿ ಉರಿಯಿತು, ಎಂಟು ಮನೆಯವರು ಮಾತಾಡಿದರು. ಎಂಟು ಸಲವೂ ಅವರು ಕೊನೆಗೆ ಕೇಳುತ್ತಿದ್ದರು, "ಇನ್ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ನನ್ನ ಕಡೆ ನೋಡುತ್ತಿರಲಿಲ್ಲ. ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನು ಕಲ್ಲಿನ ಬುಟ್ಟಿ ಹಿಡಿದುಕೊಂಡು ಎಲ್ಲರ ಹಿಂದೆ ನಿಂತಿರುತ್ತಿದ್ದೆ.

ಒಂದು ಸಲ, ಒಂದೇ ಸಲ, ಅವರನ್ನು ಕೇಳಿದೆ. ಐದನೆಯ ಅಂಕಣ ಕೀಳುತ್ತಿದ್ದರು. "ಆವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?" ಅಂದೆ. ಉಳಿಯ ಧೂಳು ಊದಿಕೊಂಡು ಹೇಳಿದರು, "ನಿನ್ನನ್ನೂ ಹಿಂದಿನ ಬೆಂಚಿಗೆ ಕಳಿಸಿದ್ರೆ ಸಭೆ ಪತ್ರ ಯಾರಪ್ಪಾ ಬರೀಬೇಕಿತ್ತು? ನನ್ ಕೈಲಿ ಒಂದು ಸಾಲು ಬರೆಯಕ್ಕೆ ಆಗಲ್ಲ. ಗಾರೆ ಕೆಲಸಕ್ಕೆ ಹಿಂದಿನ ಬೆಂಚು ಅಡ್ಡ ಬರಲ್ಲ." ಅಷ್ಟೇ. ನಾನು ಅತ್ತುಬಿಡುತ್ತೇನೇನೋ ಅಂತ ಹೆದರಿ, "ಕೈ ಖಾಲಿ ಇದ್ರೆ ಆ ಬಾಂಡ್ಲಿ ಎತ್ತಿಕೊಡು," ಅಂದರು. ಎತ್ತಿಕೊಟ್ಟೆ. ಎತ್ತಿಕೊಟ್ಟು ಮನೆಗೆ ಹೋದೆ.

ಉಳಿದದ್ದು ಒಂಬತ್ತನೆಯದು. ನಮ್ಮ ಮನೆಯದು. ಹೋದ ಅಕ್ಟೋಬರಿನಿಂದ ಅವರು ಮೂರು ಸಲ ನಮ್ಮ ಜಗಲಿಗೆ ಬಂದರು. "ಕೈರುವಾ, ನಿನ್ ಅಂಕಣ ಶುರು ಮಾಡೋಣ್ವಾ?" ಅದರ ಅರ್ಥ ನನಗೆ ಗೊತ್ತು, ಅವರಿಗೂ ಗೊತ್ತು. ಸಿಮೆಂಟು ಕೀಳುವುದಕ್ಕೆ ನನ್ನ ಅಪ್ಪಣೆ ಬೇಕಿರಲಿಲ್ಲ. ಆದರೆ ಸುಣ್ಣ ಸುಡುವ ದಿನ ನಾನು ಮಾತಾಡಬೇಕು. "ಮಂಡಿನೋವು ಅಣ್ಣಾ, ಮುಂದಿನ ವರ್ಷ ನೋಡೋಣ," ಅಂದೆ. ಎರಡನೆಯ ಸಲ ಮೊಮ್ಮಗಳ ಮದುವೆ ಅಂದೆ. ಮೂರನೆಯ ಸಲ, ಇನ್ನೂ ಎರಡು ತಿಂಗಳಾಗಿಲ್ಲ, ನಾನು ಒಳಗಿದ್ದುಕೊಂಡೇ ಮನೆಯಲ್ಲಿಲ್ಲ ಅಂತ ಹೇಳಿಸಿದೆ. ಅವರು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದರು. ಕೆಮ್ಮು ಕೇಳಿಸುತ್ತಿತ್ತು. ಹೋಗುವಾಗ ಒಂದು ದೀವಿಹಲಸಿನ ಕಾಯಿ ಬಿಟ್ಟು ಹೋಗಿದ್ದರು.

ಆ ಕಾಯಿ ಸುಟ್ಟು ತಿಂದೆ ನಾನು. ಗಂಟಲಲ್ಲಿ ಇಳಿಯಿತು ಕೂಡ. ಮನುಷ್ಯ ಎಂಥವನು ನೋಡಿ.

ಹಿರಿಯರ ಸಭೆಯಲ್ಲಿ ಹೋದ ವಾರ ಈ ಮಾತು ಬಂದಿತ್ತು. "ಒಂದೇ ಅಂಕಣ ತಾನೆ, ಹಾಗೇ ಬಿಡಿ, ಮಾನೆಯಾ ಅಣ್ಣನಿಗೂ ವಯಸ್ಸಾಯಿತು," ಅಂತ ದೊಡ್ಡ ಮನಸ್ಸಿನವನ ಹಾಗೆ ಹೇಳಿದ್ದು ನಾನೇ. ಭಾನುವಾರ ಅವರು ಪ್ರಾರ್ಥನೆ ಮುಗಿಸಿ, ಊಟ ಮಾಡಿ, ಚಾಪೆಯ ಮೇಲೆ ಒರಗಿದವರು ಏಳಲಿಲ್ಲ. ಸುದ್ದಿ ಬಂದಾಗ ನನಗೆ ಮೊದಲು ಏನನ್ನಿಸಿತು ಹೇಳಲೇ? ದುಃಖವಲ್ಲ. ಸದ್ಯ, ಇನ್ನು ಯಾರೂ ಕೇಳುವುದಿಲ್ಲ ಅನ್ನಿಸಿತು. ದುಃಖ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ. ಮಣ್ಣು ಹಾಕುವ ಮೊದಲು ಅವರ ಉಗುರು ನೋಡಿದೆ — ಅಕ್ಕ ತೊಳೆದಿದ್ದರು, ಆದರೂ ಸಂದಿಯಲ್ಲಿ ಬಿಳಿ ಇತ್ತು.

ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿರುವುದು ಬಹಳ ಆಯಾಸದ ಕೆಲಸ ಬಂಧುಗಳೇ. ಕಲ್ಲು ಒಡೆಯುವುದಕ್ಕಿಂತ ಆಯಾಸ. ಅವರು ಎಪ್ಪತ್ತೆಂಟಕ್ಕೂ ಏಣಿ ಹತ್ತುತ್ತಿದ್ದರು, ನಾನು ಅರವತ್ತಕ್ಕೇ ಕೋಲು ಹಿಡಿದೆ. ಮಂಡಿನೋವು ಅಂತ ಎಲ್ಲರಿಗೂ ಹೇಳಿದ್ದೇನೆ. ಮಂಡಿಯದಲ್ಲ ಅದು.

ಅಕಾಯಿತಿ ಅಕ್ಕಾ. ನಿಮ್ಮ ಕೈ ಹೋದದ್ದು ನನ್ನಿಂದ. ನಿಮ್ಮ ಮನೆಯವರ ಹೆಸರು ಕೆಟ್ಟದ್ದು ನನ್ನಿಂದ. ಮಿರಿಯಾಮಾ, ಶಾಲೆಯಲ್ಲಿ ಮಕ್ಕಳು ನಿನ್ನನ್ನು ಆಡಿಕೊಳ್ಳುತ್ತಾರೆ ಅಂತ ನೀನು ಹದಿನಾಲ್ಕಕ್ಕೇ ಚಿಕ್ಕಮ್ಮನ ಮನೆಗೆ ಆಕ್ಲೆಂಡಿಗೆ ಹೋದೆ. ಅದೂ ನನ್ನಿಂದ. ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

— ಏನಕ್ಕಾ?

ಹಿಂದಿನವರಿಗೆ ಕೇಳಿಸಲಿಲ್ಲ. ಅಕ್ಕ ಹೇಳುತ್ತಿದ್ದಾರೆ — "ಗೊತ್ತಿತ್ತು," ಅಂತ. "ಜೊತೆಗೆ ಬಾಳಿದವಳಿಗೆ ಗೊತ್ತಾಗಲ್ವಾ," ಅಂತ.

— ಹೇಳಿ ಅಕ್ಕಾ, ನಾನೇ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. "ಇವತ್ತು ಬಾಯಿ ಬಿಡ್ತಾನೆ, ನಾಳೆ ಬಾಯಿ ಬಿಡ್ತಾನೆ ಅಂತ ಕಾಯ್ತಿದ್ರು ಅವರು. ನೀನು ಅವರನ್ನ ಕಾಯಿಸಿ ಕಾಯಿಸಿ ಕಳಿಸಿಬಿಟ್ಟೆ." — ಹೌದಕ್ಕಾ. ಕಾಯಿಸಿ ಕಳಿಸಿಬಿಟ್ಟೆ.

— ಅದನ್ನೂ ಹೇಳಲೇ? ಹೇಳುತ್ತೇನೆ. "ಕ್ಷಮಿಸಿದೀನಿ ಅಂತ ಈಗ್ಲೇ ಹೇಳಲ್ಲ ಕಣೋ. ಮೊದ್ಲು ಸಿಮೆಂಟು ಕೀಳು. ಆಮೇಲೆ ನೋಡೋಣ."

ನ್ಯಾಯವಾದ ಮಾತು. ಇದಕ್ಕಿಂತ ಹೆಚ್ಚು ಕೊಟ್ಟಿದ್ದರೆ ನನ್ನ ಕೈಲಿ ಹೊರಲು ಆಗುತ್ತಿರಲಿಲ್ಲ.

ಹಾಗಾದರೆ ಕೇಳಿ. ಸಭಾಪಾಲಕರೇ, ಈ ಪುಸ್ತಕದ ಆ ಪುಟದ ಕೆಳಗೆ ಈಗ ಹೇಳಿದ್ದನ್ನೆಲ್ಲ ಬರೆದಿದ್ದೇನೆ, ಬೆಳಿಗ್ಗೆಯೇ ಬರೆದೆ. ನೀವು ಸಹಿ ಹಾಕಿ. ಒಂದು ವರ್ಷ ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತೇನೆ, ತಟ್ಟೆ ಬೇರೆ ಯಾರಾದರೂ ಹಿಡಿಯಿರಿ. ಸೋಮವಾರದಿಂದ ಒಂಬತ್ತನೆಯ ಅಂಕಣದ ಸಿಮೆಂಟು ಕೀಳುತ್ತೇನೆ. ನನಗೆ ಎಪ್ಪತ್ತಾರು. ಕೆಲಸ ಬರುವುದಿಲ್ಲ. ಬೆರಳಗಲ, ಬೆರಳಗಲ ಅನ್ನುವುದೊಂದು ಗೊತ್ತು. ಅಕ್ಕ ಒಪ್ಪಿದರೆ ಮಾನೆಯಾ ಅವರ ಉಳಿಯನ್ನು ಕೇಳಿ ಪಡೆಯುತ್ತೇನೆ. ಮುಗಿಸುತ್ತೇನೋ ಇಲ್ಲವೋ, ಮುಗಿಯದಿದ್ದರೆ ನಿಮ್ಮಲ್ಲಿ ಯಾರಾದರೂ ಮುಗಿಸಿ, ಆದರೆ ಮತ್ತೆ ಸಿಮೆಂಟು ಮಾತ್ರ ಬಳಿಯಬೇಡಿ. ಗುಂಡಿಯ ಬಾಯಲ್ಲಿ ಹೇಳಬೇಕಾದ್ದನ್ನು ಹೇಳಿಯಾಯಿತು. ಅವರಿಗೆ ಕೇಳಿಸುವಾಗ ಹೇಳಲಿಲ್ಲ. ಈ ನಷ್ಟ ಮಾತ್ರ ನಿಜಕ್ಕೂ ತುಂಬಲಾರದ್ದು.

ಈಗ ಎಲ್ಲರೂ ದಯಮಾಡಿ ಎದ್ದು ನಿಲ್ಲಿ. ಕೈ ಕಟ್ಟಿಕೊಂಡು ನಿಲ್ಲಬೇಡಿ ಇವತ್ತು. ಗೋಡೆಯ ಹತ್ತಿರ ಹೋಗಿ, ಅವರವರ ಮನೆಯ ಅಂಕಣಕ್ಕೆ. ಎರಡು ಮತ್ತು ಆರನೆಯದರ ಮನೆಯವರು ಈ ದ್ವೀಪದಲ್ಲಿ ಈಗ ಯಾರೂ ಉಳಿದಿಲ್ಲ, ಅಲ್ಲಿಗೆ ನೆಂಟರು ಯಾರಾದರೂ ನಿಂತುಕೊಳ್ಳಿ. ಮಿರಿಯಾಮಾ, ನಾಲ್ಕನೆಯದು ನಿನ್ನದು ಮಗಳೇ. ಅಂಗೈ ಇಡಿ — ಹೀಗೆ, ಪೂರ್ತಿ. ಬೆಚ್ಚಗಿದೆಯಲ್ಲ? ಒಣಗಿದೆಯಲ್ಲ? ಅದು ಅವರ ಇಪ್ಪತ್ತೊಂಬತ್ತು ವರ್ಷ.

ನಾನು ಒಂಬತ್ತನೆಯದಕ್ಕೆ ಇಡುತ್ತೇನೆ. ಒದ್ದೆಯಾಗಿದೆ. ತಣ್ಣಗೆ ಕೊಳೆಯುತ್ತಿದೆ ಒಳಗೆ.

— ಅಕ್ಕಾ, ನಿಮ್ಮ ಮನೆಯದು ನಾಲ್ಕನೆಯದು. ಅಲ್ಲಿ, ಮಗಳ ಹತ್ತಿರ. ಇಲ್ಲಿಗೆ ಯಾಕೆ ಬಂದಿರಿ?

— ಅಕ್ಕ ಹೇಳುತ್ತಿದ್ದಾರೆ — "ಜ್ವರ ನೋಡ್ಬೇಕು, ಸ್ವಲ್ಪ ಸರ್ಕೋ" ಅಂತ.

ಸರಿದಿದ್ದೇನೆ ಅಕ್ಕಾ. ಎಡಗೈ ಇಡಿ.

ಎಲ್ಲರೂ — ಎರಡು ನಿಮಿಷ — ಮಾತಿಲ್ಲದೆ.